ಮಗಳು ನನ್ನ ಕಸುಬು ಕಲಿತ ವರ್ಷ

ಮಾರ್ಚ್ 4, ಸೋಮವಾರ

ಇವತ್ತು ಐದಾರು ಮಕ್ಕಳ ಭವಿಷ್ಯ ನಿರ್ಧಾರವಾಯಿತು. ನಿರ್ಧರಿಸಿದ್ದು ನಾನಲ್ಲ — ವೃತ್ತಿ ಮಾರ್ಗದರ್ಶಕನಾದವನು ನಿರ್ಧರಿಸತಕ್ಕದ್ದಲ್ಲ, ನಮ್ಮಲ್ಲಿ ಅದು ಮಹಾಪಾತಕ. ನಾನು ಬರೀ ಪ್ರಶ್ನೆಪತ್ರಿಕೆ ಕೊಡುವವನು. ಯಂತ್ರ ಬಿಚ್ಚುವುದು ಇಷ್ಟವೋ, ಅಳುವ ಮಗುವನ್ನು ಸಮಾಧಾನ ಮಾಡುವುದು ಇಷ್ಟವೋ? ಲೆಕ್ಕ ಬರೆಯುವುದೋ, ಹಾಡು ಕಟ್ಟುವುದೋ? ಟಿಕ್ ಹಾಕಿದರು. ಗ್ರಾಫ್ ಬಂತು. ಮಕ್ಕಳು ಒಪ್ಪಿದರು, ಹೆತ್ತವರು ಒಪ್ಪಲಿಲ್ಲ. ಎಂದಿನಂತೆ.

ಕೊನೆಗೆ ಬಂದವರು ಒಬ್ಬ ವಕೀಲೆ ಮತ್ತು ಆಕೆಯ ಮಗಳು. ಹುಡುಗಿಗೆ ಕ್ರೇನ್ ಓಡಿಸುವ ಆಸೆ. ಬಾಯಿಮಾತಿನ ಆಸೆಯಲ್ಲ. ಯಾವ ಕ್ರೇನು ಯಾವ ಗಾಳಿಗೆ ಕೆಲಸ ನಿಲ್ಲಿಸಬೇಕು ಎಂದೆಲ್ಲ ಹೇಳುತ್ತಾಳೆ.

"ಇದಕ್ಕೆ ಇಷ್ಟು ಓದಿಸ್ಬೇಕಿತ್ತಾ ಸರ್?" — ವಕೀಲೆ.

"ಆಸಕ್ತಿ ಮಗುವಿನದು ಮೇಡಂ. ನಿಮ್ಮದಲ್ಲ."

"ನಿಮ್ಮ ಮಕ್ಕಳು ಏನ್ಮಾಡ್ತಿದಾರೆ?"

"ಒಬ್ಬಳೇ ಮಗಳು. ಸಸ್ಯಶಾಸ್ತ್ರದ ಡಿಗ್ರಿ ಮುಗೀತಿದೆ. ಮುಂದೆ ಅವಳಿಗೆ ಇಷ್ಟ ಬಂದದ್ದು."

ಆಕೆ ಅಡ್ಡಪ್ರಶ್ನೆ ಎತ್ತುವ ಮುನ್ನ ಸಮಯ ಮುಗಿಯಿತು ಎಂದೆ.

ಸಂಜೆ ಹೂಂಕಾರನ ಜೊತೆ ಟೀ. ಕಾರಿಡಾರಿನ ಆಚೆ ಬದಿ ಅವನ ಕೋಣೆ, ಈಚೆ ಬದಿ ನನ್ನದು. ನಾನು ಉದ್ಯೋಗ ಕೇಳಿ ಬಂದವರಿಗೆ, ಅವನು ದುಃಖ ಹೇಳಿಕೊಳ್ಳಲು ಬಂದವರಿಗೆ. ಕಾಲೇಜಿನಿಂದ ಜೊತೆ. ಜಗತ್ತಿನ ಯಾವ ಸಂಕಟಕ್ಕೂ ಅವನ ಬಳಿ ಇರುವುದು ಒಂದೇ ಔಷಧ — "ಹೂಂ". ಅದಕ್ಕೇ ಜನ ತಿಂಗಳುಗಟ್ಟಲೆ ಕಾದು ಬರುತ್ತಾರೆ. ಕ್ರೇನಿನ ಕಥೆ ಹೇಳಿದೆ.

"ಹೂಂ," ಎಂದ. ಬಿಸ್ಕತ್ತು ಟೀಯೊಳಗೆ ಬಿತ್ತು. ಅದಕ್ಕೂ "ಹೂಂ".

ಮಾರ್ಚ್ 10, ಭಾನುವಾರ

ಐತಿಹಾಸಿಕ ದಿನ. ದಾಖಲಿಸತಕ್ಕದ್ದು.

ಊಟದ ಮೇಜು. ಚೂಟಿ — ನಮ್ಮ ಮಗಳಿಗೆ ಎಂಟನೆಯ ತಿಂಗಳಿಗೇ ಓಡಲು ಹೊರಟದ್ದಕ್ಕೆ ಬಂದ ಬಿರುದು — ತಟ್ಟೆ ಸರಿಸಿ ಹೇಳಿದಳು:

"ಅಪ್ಪ, ಕೌನ್ಸೆಲಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದೆ. ಸೀಟು ಸಿಕ್ತು."

ಚಮಚ ಕೆಳಗಿಟ್ಟೆ. ಮುಖವನ್ನು ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿಟ್ಟುಕೊಂಡೆ. ಇಲ್ಲಿ ನಾನು ಹಿಗ್ಗಿದರೆ ಅದು ಅವಳ ಮೇಲೆ ಒತ್ತಡ. ಮುಖ ಸಿಂಡರಿಸಿದರೂ ಒತ್ತಡ. ನೂರಾರು ಹೆತ್ತವರಿಗೆ ಹೇಳಿಕೊಟ್ಟ ಪಾಠ.

"ನಿನಗೆ ಇದರಲ್ಲಿ ಏನು ಮುಖ್ಯ ಅನ್ನಿಸ್ತು?"

ನನ್ನ ಮುಖವನ್ನೇ ನೋಡುತ್ತಿದ್ದಳು. "ಮುಖ್ಯ... ಜನರ ಮಾತು ಕೇಳೋದು."

"ಒಳ್ಳೇದು. ಯೋಚನೆ ಮಾಡಿ ತಗೊಂಡ ನಿರ್ಧಾರ."

ಇಷ್ಟೇ. ಶಿಸ್ತೆಂದರೆ ಇದು. ಆಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಗೋಡೆ ಹಿಡಿದುಕೊಂಡು ನಕ್ಕೆ. ಗಿಡದ ಎಲೆಗಳಲ್ಲಿ ಮುಳುಗಿದ್ದವಳು, ಯಾರೂ ಹೇಳದೆ, ಯಾರೂ ತಳ್ಳದೆ — ನನ್ನ ದಾರಿಗೆ. ಕಣ್ಣಲ್ಲಿ ನೀರು ಬಂತು. ಬಾಗಿಲು ತಟ್ಟಿದ ಸದ್ದು. ಘನತೆವೆತ್ತ ಹಲ್ಲಿನ ಡಾಕ್ಟರು, ಅಂದರೆ ನನ್ನ ಹೆಂಡತಿ.

"ಹಲ್ಲುನೋವೇನ್ರೀ?"

"ಅಲ್ಲ."

"ಮತ್ತೇನು ಸದ್ದು ಅದು?"

"ಸಂತೋಷ."

"ಅದನ್ನ ಒಳಗೆ ಯಾಕೆ ಪಡ್ತೀರಿ? ಹೊರಗೆ ಬಂದು ಪಡಿ."

ಹೊರಗೆ ಬಂದೆ. ಮತ್ತೆ ಸಪಾಟು.

ಜೂನ್ 21, ಶುಕ್ರವಾರ

ಚೂಟಿಯ ಕೋರ್ಸು ಶುರುವಾಗಿ ಮೂರು ವಾರ. ಕಲಿತದ್ದನ್ನೆಲ್ಲ ಮನೆಯಲ್ಲಿ ಪ್ರಯೋಗಿಸುತ್ತಿದ್ದಾಳೆ. ಈ ಬೆಳಗಿನ ವರದಿ:

ಹಲ್ಲಿನ ಡಾಕ್ಟರು: "ಹಾಲು ತಂದಿಲ್ವೇನೇ?"

ಚೂಟಿ: "ಹಾಲು ಬಂದಿಲ್ಲ ಅಂತ ನಿನಗೆ ಬೇಸರ ಆಗಿರೋ ಹಾಗಿದೆ, ಅಮ್ಮ."

"ಬೇಸರ ಅಲ್ಲ. ಕಾಫಿ ಇಲ್ಲ."

"ಕಾಫಿ ಇಲ್ದೆ ದಿನ ಶುರುವಾಗೋದೇ ಕಷ್ಟ ಅನ್ನಿಸ್ತಿದೆ."

"ಬೆನ್ನಿಗೆ ಎರಡು ಬಿದ್ರೆ ನಿನಗೂ ಕಷ್ಟ ಅನ್ನಿಸ್ತದೆ. ಹೋಗಿ ಹಾಲು ತಗೊಂಬಾ."

ನಾನು ಪತ್ರಿಕೆಯ ಹಿಂದೆ. ಎರಡನೆಯ ವಾಕ್ಯದಲ್ಲಿ ಸ್ವರ ಸ್ವಲ್ಪ ಇಳಿಸಿದ್ದರೆ ಅದ್ಭುತವಾಗುತ್ತಿತ್ತು. ಹೇಳಲಿಲ್ಲ. ತಾನೇ ಕಂಡುಕೊಳ್ಳಲಿ.

"ಮನೇಲಿ ಒಂದಿತ್ತು, ಎರಡಾಯ್ತು," ಎಂದರು ಡಾಕ್ಟರು ನನ್ನ ಪತ್ರಿಕೆಯನ್ನುದ್ದೇಶಿಸಿ. "ನನ್ನ ಪೇಷಂಟ್‌ಗಳೇ ವಾಸಿ. ಬಾಯಿ ತೆರೀತಾರೆ, ಮಾತಾಡಲ್ಲ."

ಸಂಜೆ ಹೂಂಕಾರನಿಗೆ ಹೇಳಿ ಹೇಳಿ ನಕ್ಕೆ. ಅವನೂ ನಕ್ಕ. ಆಮೇಲೆ ಕೇಳಿದ — ಪ್ರಶ್ನೆ ಕೇಳುವುದು ಅವನಲ್ಲಿ ಅಪರೂಪ:

"ಖುಷಿ ಆಗಿದೆ ಅಂತ ಅವಳಿಗೆ ಹೇಳಿದೀಯಾ?"

"ಹೇಳಿದ್ರೆ ನನಗೋಸ್ಕರ ಓದ್ತಾಳೆ. ಅವಳು ಅವಳಿಗೋಸ್ಕರ ಓದಲಿ."

"ಹೂಂ."

ಅವನ ಹೂಂಗಳಲ್ಲಿ ಹಲವು ಜಾತಿ. ಇದು ಯಾವುದೆಂದು ತಿಳಿಯಲಿಲ್ಲ.

ಆಗಸ್ಟ್ 2, ಶುಕ್ರವಾರ, ಸಂಜೆ

ನಮ್ಮ ಕಸುಬಿನಲ್ಲೊಂದು ಕಡ್ಡಾಯವುಂಟು. ಇನ್ನೊಬ್ಬರ ಮನಸ್ಸಿಗೆ ಕೈಹಾಕುವ ಮುನ್ನ, ಕಲಿಯುವವರು ತಾವೇ ಒಬ್ಬ ಥೆರಪಿಸ್ಟಿನ ಎದುರು ಕೂತು ವಾರವಾರ ತಮ್ಮದನ್ನು ಬಿಚ್ಚಬೇಕು. ಕೋರ್ಸಿನವರು ಒಪ್ಪಿದ ಥೆರಪಿಸ್ಟುಗಳು ಈ ಊರಿನಲ್ಲಿ ಇಬ್ಬರೇ. ಒಬ್ಬಾಕೆ ಚೂಟಿಗೆ ಪಾಠ ಮಾಡುವವರು, ಆದ್ದರಿಂದ ಆಗದು. ಉಳಿದವನು ಹೂಂಕಾರ.

ಅವನು ಒಪ್ಪಲಿಲ್ಲ. "ನಿನ್ನ ಮಗಳು. ನನ್ನ ಸ್ನೇಹಿತನ ಮಗಳು. ಆಗಲ್ಲ."

"ಪಕ್ಕದ ಊರಿಗೆ ಹೋಗಿ ಬರೋಕೆ ಅವಳಿಗೆ ಅರ್ಧ ದಿನ ಬೇಕು."

"ಹೋಗಲಿ."

"ಈ ಕೆಲಸದಲ್ಲಿ ನಿನ್ನಷ್ಟು ಚೆನ್ನಾಗಿ ಕೇಳೋನು ಯಾರಿದಾನೆ? ಅವಳಿಗೆ ಒಳ್ಳೇದೇ ಸಿಗ್ಬೇಕು."

ತುಂಬಾ ಹೊತ್ತು ಕಪ್ಪನ್ನು ತಿರುಗಿಸಿದ. "ಅವಳು ನನ್ನ ಹತ್ತಿರ ಬಂದ್ರೆ ನಿನ್ನ ಜೊತೆ ಟೀ ಇಲ್ಲ. ಮನೆಗೆ ಬರೋದಿಲ್ಲ. ಫೋನಿಲ್ಲ. ಅವಳ ಬಗ್ಗೆ ಒಂದಕ್ಷರ ನೀನು ಕೇಳಂಗಿಲ್ಲ, ನಾನು ಹೇಳಂಗಿಲ್ಲ."

"ಒಪ್ಪಿದೆ."

"ಯೋಚ್ನೆ ಮಾಡು."

"ಮಾಡಾಯ್ತು."

ಈ ಸಂಧಾನಕ್ಕೆ ಕೊನೆಯ ಟೀ ಕುಡಿದೆವು. ಎರಡು ರಾಷ್ಟ್ರಗಳು ಗಡಿ ಮುಚ್ಚುವಾಗಲೂ ಇಷ್ಟು ಗಾಂಭೀರ್ಯ ಇರಲಾರದು. ಮನೆಗೆ ಬಂದು ಚೂಟಿಗೆ ತಿಳಿಸಿದೆ.

"ನಿಮಗೆ ಪರವಾಗಿಲ್ವಾ ಅಪ್ಪ?"

"ಅದು ನಿನ್ನ ನಿರ್ಧಾರ."

"ಅದು ಗೊತ್ತು. ನಿಮಗೆ ಪರವಾಗಿಲ್ವಾ ಅಂತ ಕೇಳಿದ್ದು."

"ನಿನಗೆ ಅನುಕೂಲ ಆದ್ರೆ ಸಾಕು."

ಸೆಪ್ಟೆಂಬರ್ 5, ಗುರುವಾರ

ಒಬ್ಬನೇ ಟೀ ಕುಡಿಯುವುದು ಒಂದು ಕಲೆ. ಬರುತ್ತಿಲ್ಲ.

ಪ್ರತಿ ಗುರುವಾರ ನಾಲ್ಕಕ್ಕೆ ಚೂಟಿ ಕಾರಿಡಾರಿನ ಆಚೆ ಬದಿಗೆ ಹೋಗುತ್ತಾಳೆ. ನಾನು ಈಚೆ ಬದಿಯಲ್ಲಿ ಬಾಗಿಲು ಹಾಕಿಕೊಂಡಿರುತ್ತೇನೆ. ಗೌರವದಿಂದ. ಐದಕ್ಕೆ ಅವಳ ಚಪ್ಪಲಿಯ ಸದ್ದು ನನ್ನ ಬಾಗಿಲು ದಾಟಿ ಹೋಗುತ್ತದೆ. ಮೊದಲೆರಡು ವಾರ ಒಳಗೆ ಇಣುಕಿ "ಬರ್ತೀನಿ ಅಪ್ಪ" ಎನ್ನುತ್ತಿದ್ದಳು. ಈಗಿಲ್ಲ.

ಹೂಂಕಾರ ಮೆಟ್ಟಿಲಲ್ಲಿ ಸಿಕ್ಕ. ಮುಖ ಓದಲು ನೋಡಿದೆ — ಜೀವಮಾನವಿಡೀ ಮಾಡಿದ್ದು ಅದೇ ತಾನೆ. ಖಾಲಿ ಗೋಡೆ.

"ಮಳೆ ಬರೋ ಹಾಗಿದೆ," ಎಂದ.

ಮಧ್ಯಾಹ್ನವಿಡೀ ಆ ಮಳೆಯನ್ನು ವಿಶ್ಲೇಷಿಸಿದೆ. ಯಾರ ಮಳೆ? ಎಲ್ಲಿಯ ಮೋಡ? ಮಳೆಯೆಂದರೆ ಕಣ್ಣೀರೋ? ಐದೂವರೆಗೆ ನಿಜಕ್ಕೂ ಮಳೆ ಬಂತು. ಕೊಡೆ ತಂದಿರಲಿಲ್ಲ. ತೊಯ್ದು ಹೋದೆ. ಶಾಸ್ತ್ರಜ್ಞರ ಪಾಡು.

ಸೆಪ್ಟೆಂಬರ್ 17, ಮಂಗಳವಾರ

ಕ್ರೇನ್ ಹುಡುಗಿಯ ತಾಯಿ, ಆ ವಕೀಲೆ, ಒಬ್ಬಳೇ ಬಂದಿದ್ದಳು. ಮನೆಯಲ್ಲಿ ದಿನಾ ಜಗಳವಂತೆ. "ಬೇಡ ಅಂದೆ, ಕಿರುಚಿದೆ. ಅವಳೂ ಕಿರುಚಿದಳು. ತಟ್ಟೆ ಒಡೀತು."

"ನೀವು ಸ್ವಲ್ಪ ತಟಸ್ಥವಾಗಿದ್ದು ನೋಡಿ," ಎಂದೆ. "ನಿಮ್ಮ ಇಷ್ಟಾನಿಷ್ಟ ಬದಿಗಿಡಿ. ಅವಳ ದಾರಿ ಅವಳಿಗೆ ಕಾಣಲಿ."

"ನಾನು ಏನೂ ಹೇಳ್ದೆ ಇದ್ರೆ, ನಾನು ಬೇಕು ಅಂತ ಇದೀನೋ ಬೇಡ ಅಂತ ಇದೀನೋ ಅವಳಿಗೆ ಹೇಗೆ ಸರ್ ಗೊತ್ತಾಗ್ಬೇಕು?"

"ಗೊತ್ತಾಗಬೇಕಾಗಿಲ್ಲ. ಅದೇ ಉದ್ದೇಶ."

ಆಕೆ ನನ್ನನ್ನು ನೋಡಿದ ರೀತಿ — ಸುಳ್ಳು ಸಾಕ್ಷಿಯನ್ನು ನೋಡುವ ಹಾಗೆ. ಫೈಲಿನಲ್ಲಿ ಬರೆದೆ: ತಾಯಿಯಿಂದ ಪ್ರತಿರೋಧ.

ಸೆಪ್ಟೆಂಬರ್ 26, ಗುರುವಾರ

ಚೂಟಿ ಕಣ್ಣು ಊದಿಸಿಕೊಂಡು ಬಂದಳು. ನೇರ ಕೋಣೆಗೆ. ಬಾಗಿಲು ಬಂದ್.

ಊಟಕ್ಕೆ ಕರೆದದ್ದಕ್ಕೆ "ಆಮೇಲೆ" ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು.

"ಹೋಗಿ ಕೇಳಿ ಏನಾಯ್ತು ಅಂತ."

"ಕೇಳಬಾರದು. ಥೆರಪಿಯಿಂದ ಬಂದವರನ್ನ ಕೇಳಬಾರದು. ಅದು ಅವಳ ಜಾಗ."

"ಅವಳ ಜಾಗ ಈ ಮನೆಯೊಳಗೇ ಇದೆ. ಎಂಟು ಹೆಜ್ಜೆ ಆಚೆ."

"ನಿನಗೆ ಅರ್ಥ ಆಗಲ್ಲ."

"ಆಗಲ್ಲ ಬಿಡಿ. ನಾನು ಹಲ್ಲು ಕೀಳೋಳು." ತಟ್ಟೆಗೆ ಅನ್ನ ಹಾಕಿಕೊಂಡು ಅವರೇ ಎದ್ದು ಹೋದರು. ಒಳಗಿನಿಂದ ತಾಯಿ ಮಗಳ ದನಿ. ಪದಗಳು ಕೇಳಿಸಲಿಲ್ಲ. ಕೇಳಿಸಬಾರದು ಎಂದು ನಾನೇ ಟಿವಿ ಹಚ್ಚಿದೆ.

ಟಿವಿಯಲ್ಲಿ ಯಾರೋ ಮೀನು ಹಿಡಿಯುತ್ತಿದ್ದರು.

ಅಕ್ಟೋಬರ್ 20, ಭಾನುವಾರ

ಮೂರು ವಾರ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. — ಇತ್ತು. ಬರೆಯಲಿಲ್ಲ.

ಚೂಟಿ ಮನೆಯಲ್ಲಿ ಪ್ರಯೋಗ ನಿಲ್ಲಿಸಿದ್ದಾಳೆ. ಹಾಲು ಬಾರದಿದ್ದರೆ ಸುಮ್ಮನೆ ಹೋಗಿ ಹಾಲು ತರುತ್ತಾಳೆ. ಅವಳ ಹಳೆಯ ಕುಂಡಗಳೆಲ್ಲ ಬಾಲ್ಕನಿಗೆ ವಾಪಸು ಬಂದಿವೆ. ಬೆಳಗ್ಗೆ ಅಲ್ಲೇ ಕೂತಿರುತ್ತಾಳೆ, ಮಣ್ಣು ಬೆರಳಲ್ಲಿ ಒತ್ತುತ್ತಾ.

ಇವತ್ತು ನಾನು ಪತ್ರಿಕೆ ತೆಗೆದುಕೊಳ್ಳುವಾಗ, ತಿರುಗದೆಯೇ:

"ಅಪ್ಪ, ಗುರುವಾರ ನನ್ನ ಜೊತೆ ಬರ್ತೀರಾ? ಸೆಷನ್‌ಗೆ. ಅಂಕಲ್ ಹೇಳಿದ್ರು, ನೀವು ಒಪ್ಪಿದ್ರೆ."

"ಖಂಡಿತ," ಎಂದೆ. ತಕ್ಷಣ. ಇದಾದರೂ ತಕ್ಷಣ ಎಂದೆ.

ಅಕ್ಟೋಬರ್ 24, ಗುರುವಾರ, ಬೆಳಗ್ಗೆ

ಉಗುರು ಕತ್ತರಿಸಿದೆ. ಅಂಗಿ ಎರಡು ಸಲ ಬದಲಿಸಿದೆ. ನೀಲಿ — ತೀರಾ ಆಫೀಸು. ಬಿಳಿ — ತೀರಾ ಸಾಕ್ಷಿಕಟ್ಟೆ. ಮತ್ತೆ ನೀಲಿ.

"ಕೌನ್ಸೆಲರ್ ಆಗಿ ಹೋಗ್ಬೇಡಿ," — ಡಾಕ್ಟರು, ಬಾಗಿಲಿಗೆ ಒರಗಿ.

"ಮತ್ತೆ ಏನಾಗಿ ಹೋಗ್ಲಿ?"

"ಸುಮ್ನೆ ಹೋಗಿ."

ಸುಮ್ಮನೆ ಹೋಗುವುದಕ್ಕೆ ಯಾವ ಅಂಗಿ?

ಅದೇ ದಿನ, ಸಂಜೆ

ಅವನ ಕೋಣೆಯಲ್ಲಿ ಸಾವಿರ ಸಲ ಕೂತಿದ್ದೇನೆ — ಕಿಟಕಿಯ ಬಳಿ, ಟೀ ಕುಡಿಯುವ ಸ್ಟೂಲಿನ ಮೇಲೆ. ಬಂದವರು ಕೂರುವ ಸೋಫಾದಲ್ಲಿ ಇವತ್ತೇ ಮೊದಲು. ಅಷ್ಟು ತಗ್ಗೆಂದು ಗೊತ್ತಿರಲಿಲ್ಲ. ಮಂಡಿ ಎದೆಗೆ ಬರುತ್ತದೆ. ಆ ತುದಿಯಲ್ಲಿ ಚೂಟಿ, ಈ ತುದಿಯಲ್ಲಿ ನಾನು, ಎದುರಿನ ಕುರ್ಚಿಯಲ್ಲಿ ಹೂಂಕಾರ.

ಅವಳು ಮೊದಲೇ ಯೋಚಿಸಿಟ್ಟುಕೊಂಡು ಬಂದಿದ್ದಳು. ಮೊದಲ ಎರಡು ವಾಕ್ಯ ಗಿಣಿಪಾಠದಂತೆ ಬಂದವು. ಆಮೇಲೆ ತಾನೇ ಹರಿಯಿತು.

"ಚಿಕ್ಕೋಳಾಗಿದ್ದಾಗಿಂದ ನೀವು ನನಗೆ ಏನೂ ಹೇಳಿಲ್ಲ ಅಪ್ಪ. ಓದು ಅಂದಿಲ್ಲ, ಓದ್ಬೇಡ ಅಂದಿಲ್ಲ. ಕೂದಲು ಕತ್ತರಿಸ್ಕೊಂಡು ಬಂದೆ — ನಿನಗೆ ಹೇಗನ್ನಿಸ್ತಿದೆ ಅಂದ್ರಿ. ಪರೀಕ್ಷೆ ಬರೀದೆ ಎದ್ದು ಬಂದೆ — ನಿನಗೆ ಹೇಗನ್ನಿಸ್ತಿದೆ. ನನ್ನ ಫ್ರೆಂಡ್ಸ್ ಅಪ್ಪಂದಿರು ಬೈತಿದ್ರು. ನನಗೆ ಹೊಟ್ಟೆ ಉರೀತಿತ್ತು."

ಕೇಳಿದೆ. ಚೆನ್ನಾಗಿ ಕೇಳಿದೆ. ದೇಹ ಸ್ವಲ್ಪ ಮುಂದಕ್ಕೆ, ಕೈಗಳು ತೆರೆದು.

"ನಿಮಗೆ ಏನಿಷ್ಟ ಅಂತ ಊಹೆ ಮಾಡಿ ಮಾಡಿ ಸಾಕಾಗಿತ್ತು. ಸರಿ, ನಿಮ್ಮ ಕಸುಬೇ ಕಲಿಯೋಣ, ಆವಾಗಾದ್ರೂ ಒಂದು ಸಲ ಖುಷಿ ಆಯ್ತು ಅಂತೀರಿ ಅಂದ್ಕೊಂಡೆ. ಇದನ್ನ ಆರಿಸ್ಕೊಂಡಿದ್ದು ಅದಕ್ಕೇ. ಇಲ್ಲಿ ಕೂತು ಮಾತಾಡೋವಾಗ ಗೊತ್ತಾಯ್ತು. ನನಗೆ ಜನರ ಕಷ್ಟ ಕೇಳೋ ಆಸೆ ಇರ್ಲಿಲ್ಲ. ನಿಮ್ಮ ಎದುರು ಕೂತು ಹೋಗ್ತಾರಲ್ಲ, ಅವರಲ್ಲಿ ಒಬ್ಬಳಾಗೋಣ ಅಂದ್ರೆ, ಮಗಳು ಅಂತ ಅದೂ ಆಗ್ತಿರ್ಲಿಲ್ಲ. ಮಿಕ್ಕಿದ್ದು ನಿಮ್ಮ ಪಕ್ಕದ ಕುರ್ಚಿ."

ಅತ್ತಳು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು. ಐದು ವರ್ಷದವಳಾಗಿದ್ದಾಗ ಹೀಗೇ ಅಳುತ್ತಿದ್ದಳು.

ಟಿಶ್ಯೂ ಡಬ್ಬ ಮೇಜಿನ ಮೇಲೆ, ನನ್ನ ಕೈಗೆ ಹತ್ತಿರ. ನಮ್ಮ ಕಸುಬಿನಲ್ಲಿ ಅಳುವವರ ಕೈಗೆ ಟಿಶ್ಯೂ ಕೊಡಕೂಡದು. ಕೊಟ್ಟರೆ "ಸಾಕು ನಿಲ್ಲಿಸು" ಎಂದಂತೆ. ಮುಟ್ಟಕೂಡದು. ಮೌನ ತುಂಬಕೂಡದು. ಡಬ್ಬ ಕಣ್ಣಿಗೆ ಬೀಳುವಲ್ಲಿದ್ದರೆ ಸಾಕು, ಬೇಕಾದಾಗ ಅವರೇ ತೆಗೆದುಕೊಳ್ಳುತ್ತಾರೆ. ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತೆ. ಅವಳ ಅಳುವಿಗೆ ಜಾಗ ಕೊಟ್ಟೆ.

ಹೂಂಕಾರ ನನ್ನನ್ನೇ ನೋಡುತ್ತಿದ್ದ. ಮೆಲ್ಲಗೆ ಕೇಳಿದ:

"ನಿನಗೆ ಏನನ್ನಿಸ್ತಿದೆ?"

ಕೇಳಿದ್ದು ನನ್ನನ್ನು. ಉತ್ತರ ಗಂಟಲಿನವರೆಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಬಾಯಿಂದ ಬಂದದ್ದು:

"ಅವಳಿಗೆ ತುಂಬಾ ನೋವಾಗಿದೆ ಅಂತ ಅನ್ನಿಸ್ತಿದೆ. ತನ್ನನ್ನ ಯಾರೂ ನೋಡ್ಲಿಲ್ಲ ಅಂತ."

ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ. ಸ್ವರವೂ ಸರಿಯಾಗಿ ಇಳಿದಿತ್ತು.

ಚೂಟಿ ಅಳುತ್ತಲೇ ನಕ್ಕಳು. "ನೋಡಿ ಅಂಕಲ್. ಇಬ್ಬರು ಕೌನ್ಸೆಲರ್‌ಗಳ ಜೊತೆ ಕೂತಿದೀನಿ." ಆಮೇಲೆ ನನ್ನ ಕಡೆ ತಿರುಗಿ, ಜಗಳವಿಲ್ಲದ ದನಿಯಲ್ಲಿ, "ಅಪ್ಪ ಬರ್ಲೇ ಇಲ್ವಾ?"

ಎದ್ದವನು ಹೂಂಕಾರ. ಮೂವತ್ತು ವರ್ಷದ ಸರ್ವಿಸಿನ, ಅಳುವವರ ಎದುರು ರೆಪ್ಪೆ ಮಿಟುಕಿಸದ ಹೂಂಕಾರ — ನನ್ನ ಕೈಯ ಪಕ್ಕದಿಂದ ಡಬ್ಬ ಎತ್ತಿ, ಟಿಶ್ಯೂ ಎಳೆದು, ಅವಳ ಕೈಗೆ ಕೊಟ್ಟ.

ಅಕ್ಟೋಬರ್ 25, ಶುಕ್ರವಾರ

"ಆವತ್ತು ಬಚ್ಚಲುಮನೇಲಿ ನಕ್ಕಿದ್ದು ಹೇಳಿದ್ರಾ?" — ಡಾಕ್ಟರು.

"ಇಲ್ಲ."

"ಯಾಕೆ?"

"ಕೇಳಲಿಲ್ಲ."

ಕೆಲಸಕ್ಕೆ ಹೊರಟಿದ್ದವರು ಬ್ಯಾಗು ಕೆಳಗಿಟ್ಟು ಕೂತುಬಿಟ್ಟರು. ನನ್ನ ಮೇಲೆ ಹರಿಹಾಯ್ದಿದ್ದರೆ ಅಭ್ಯಾಸವಾದದ್ದು, ತಡೆದುಕೊಳ್ಳಬಹುದಿತ್ತು. ನನ್ನ ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು, ಅದನ್ನು ಸರಿಮಾಡಿದರು.

"ನಾನು ಹೇಳ್ಲಾ ಅವಳಿಗೆ?"

"ಬೇಡ. ನಾನೇ ಹೇಳ್ತೀನಿ."

ನವೆಂಬರ್ 9, ಶನಿವಾರ

ಹೇಳಿಲ್ಲ. ನಾಲ್ಕು ಸಲ ಅವಳ ಬಾಗಿಲಿನವರೆಗೆ ಹೋದೆ. ಒಂದು ಸಲ ತಟ್ಟಿದೆ ಕೂಡ. "ಏನಪ್ಪ?" ಎಂದಳು. "ಬಲ್ಬ್ ಸರಿಯಿದೆಯಾ ನೋಡೋಣ ಅಂತ," ಎಂದೆ. ಬಲ್ಬ್ ಸರಿಯಿತ್ತು. ಮೂವರೂ — ಅವಳು, ನಾನು, ಬಲ್ಬು — ಸ್ವಲ್ಪ ಹೊತ್ತು ನಿಂತಿದ್ದೆವು.

ಡಾಕ್ಟರು ಕಾದು ಕಾದು ತಾವೇ ಹೇಳಿಬಿಟ್ಟರಂತೆ. ಚೂಟಿ ಕೇಳಿಸಿಕೊಂಡು ಅಂದಳಂತೆ: "ಅಮ್ಮ, ಇದನ್ನ ನೀನು ಹೇಳಿದ್ರೆ ಅದು ನೀನು ಹೇಳಿದ್ದು ಮಾತ್ರ ಆಗುತ್ತೆ."

ನವೆಂಬರ್ 16, ಶನಿವಾರ

ಕೋರ್ಸು ಬಿಟ್ಟಳು.

ಬಸ್ಸಿನಲ್ಲಿ ಒಂದು ಹಗಲು ದೂರದ ಊರಿನಲ್ಲಿ ಬೀಜ ಸಂಗ್ರಹಾಲಯವೊಂದಿದೆ. ಅಳಿದು ಹೋಗುತ್ತಿರುವ ಗಿಡಗಳ ಬೀಜಗಳನ್ನು ಒಣಗಿಸಿ, ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕಾಪಾಡುತ್ತಾರಂತೆ. ಸಹಾಯಕಿಯ ಕೆಲಸ ಸಿಕ್ಕಿದೆ. ಹೇಳುವಾಗ ಅವಳ ಮುಖ — ಬಹಳ ದಿನದ ಮೇಲೆ ಅಂಥ ಮುಖ ನೋಡಿದೆ. ಅಕ್ಕಿಕಾಳಿಗಿಂತ ಸಣ್ಣ ಬೀಜವೊಂದು ನೂರು ವರ್ಷ ಕಾದು ಮೊಳೆತ ಕಥೆ ಹೇಳಿದಳು. ತಾಯಿಗೆ.

ಅವಳ ಆಸಕ್ತಿ ಎಂದಿದ್ದರೂ ಅದೇ. ಊರಿನ ಮಕ್ಕಳಿಗೆಲ್ಲ ಗ್ರಾಫ್ ಹಾಕಿಕೊಡುವ ನನಗೆ ಇದನ್ನು ತಿಳಿಯಲು ಗ್ರಾಫ್ ಬೇಕಿರಲಿಲ್ಲ. ಬಾಲ್ಕನಿಯ ಕಡೆ ನೋಡಿದ್ದರೆ ಸಾಕಿತ್ತು. ನನ್ನ ಕೋಣೆಗೆ ಬರುವ ಯಾವ ತಂದೆಯಾದರೂ ಹೀಗೆ ಮಾಡಿದ್ದರೆ ಗದರಿಸುತ್ತಿದ್ದೆ... ಗದರಿಸುತ್ತಿರಲಿಲ್ಲ. "ನಿಮಗೆ ಹೇಗನ್ನಿಸ್ತಿದೆ" ಎನ್ನುತ್ತಿದ್ದೆ.

ನನ್ನ ಕಡೆ ತಿರುಗಿದಳು. "ಅಲ್ಲಿ ಯಾರ ಮನಸ್ಸಲ್ಲಿ ಏನಿದೆ ಅಂತ ಊಹೆ ಮಾಡ್ಬೇಕಾಗಿಲ್ಲ ಅಪ್ಪ. ಮೊಳಕೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಚೆನ್ನಾಗಿ ಯೋಚನೆ ಮಾಡಿದೀಯ," ಎಂದೆ.

ಡಾಕ್ಟರು ಎದ್ದು ಒಳಗೆ ಹೋದರು.

ನವೆಂಬರ್ 30, ಶನಿವಾರ

ಬಸ್ ಸ್ಟ್ಯಾಂಡಿಗೆ ಸೂಟ್‌ಕೇಸ್ ಹೊತ್ತೆ. ಅದಕ್ಕೆ ಚಕ್ರಗಳಿದ್ದವು. ಆದರೂ ಹೊತ್ತೆ. ತಾಯಿ ಮಗಳು ಅಪ್ಪಿಕೊಂಡು ಅತ್ತು, ಮೂಗು ಒರೆಸಿಕೊಂಡು, ಯಾವುದೋ ಚಿಕ್ಕಮ್ಮನ ವಿಗ್ಗಿನ ವಿಷಯಕ್ಕೆ ನಕ್ಕು — ಎಲ್ಲ ಎರಡೇ ನಿಮಿಷದಲ್ಲಿ. ಹೇಗೆ ಮಾಡುತ್ತಾರೋ.

ಚೂಟಿ ಹತ್ತಿ ಕೂತಳು. ಕಿಟಕಿ ಸರಿಸಿದಳು. ನಾನು ಕೆಳಗೆ.

"ಅಪ್ಪ. ನಾನು ಹೋಗ್ತಿರೋದು ನಿಮಗೆ ಬೇಜಾರಾ?"

ನೇರ ಪ್ರಶ್ನೆ. ಹೌದು, ಇಲ್ಲ — ಎರಡೇ ಉತ್ತರ. ಇಂಥ ಪ್ರಶ್ನೆ ಕೇಳಕೂಡದೆಂದು ಕಲಿಸುತ್ತೇವೆ. ಉತ್ತರಿಸುವುದು ಹೇಗೆಂದು ಯಾರೂ ಕಲಿಸಿಲ್ಲ.

"ನಿನಗೆ ಒಳ್ಳೇದಾದ್ರೆ ಸಾಕು."

ತಲೆಯಾಡಿಸಿದಳು. ಎರಡು ಸಲ, ಸಣ್ಣಗೆ, ತುಂಬಾ ಮರ್ಯಾದೆಯಿಂದ. ಆ ತಲೆಯಾಟ ನನಗೆ ಗೊತ್ತು. ನನ್ನ ಕೋಣೆಯಿಂದ ಎದ್ದು ಹೋಗುವವರಲ್ಲಿ, ಮುಂದಿನ ಸಲ ಬರಬಾರದೆಂದು ಒಳಗೇ ನಿಶ್ಚಯಿಸಿದವರು ಹಾಗೆ ತಲೆಯಾಡಿಸುತ್ತಾರೆ.

ಡಿಸೆಂಬರ್ 12, ಗುರುವಾರ

ಎರಡು ಕಪ್ ಟೀ ಹಿಡಿದು ಕಾರಿಡಾರ್ ದಾಟಿದೆ. ಹೂಂಕಾರ ಬಾಗಿಲಲ್ಲೇ ನಿಂತ.

"ಆಗಲ್ಲ ಕಣೋ."

"ಅವಳು ಈಗ ನಿನ್ನ ಹತ್ತಿರ ಬರ್ತಿಲ್ವಲ್ಲ."

"ಅವಳು ಹೋದಳು. ಅವಳು ನನ್ನ ಹತ್ತಿರ ಇಟ್ಟಿದ್ದು ಹೋಗಿಲ್ಲ. ನಿನ್ನ ಎದುರು ಕೂತು ಟೀ ಕುಡಿಯೋವಾಗ ಅದನ್ನೆಲ್ಲ ಎಲ್ಲಿಡಲಿ?"

ಈತ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಕಾಲೇಜಿನಿಂದ ಈಚೆಗೆ ಇದೇ ಮೊದಲು. ಅವನ ಕಣ್ಣು ಕೆಂಪಗಿತ್ತು. ತಪ್ಪು ಅವನದಲ್ಲ. ಬೇಡ ಬೇಡ ಎಂದವನನ್ನು ಒಪ್ಪಿಸಿದವನು ನಾನು.

ಎರಡೂ ಕಪ್ ನಾನೇ ಕುಡಿದೆ. ನಿದ್ದೆ ಬರುವುದಿಲ್ಲ ಇವತ್ತು.

ಡಿಸೆಂಬರ್ 29, ಭಾನುವಾರ

ಭಾನುವಾರಗಳು ತಾಯಿ ಮಗಳ ಫೋನಿಗೆ ಮೀಸಲು. ನಾನು ಪಕ್ಕದ ಕೋಣೆಯಲ್ಲಿ ಒಂದೇ ಪುಟ ಓದುತ್ತಿರುತ್ತೇನೆ. ಇವತ್ತು ಡಾಕ್ಟರು ಫೋನನ್ನು ತಂದು ಕೈಗೆ ತುರುಕಿ ಹೋದರು.

ಕೇಳಿದೆ. ಕೋಣೆ ಹೇಗಿದೆ. ಜೊತೆಯವರು ಹೇಗಿದ್ದಾರೆ. ಬೀಜಗಳನ್ನು ಒಣಗಿಸುವುದು ಹೇಗೆ. ಎಲ್ಲಕ್ಕೂ ಉತ್ತರಿಸಿದಳು, ಒಪ್ಪವಾಗಿ, ಸಂದರ್ಶನದಲ್ಲಿ ಉತ್ತರಿಸಿದ ಹಾಗೆ. ಕೊನೆಗೆ —

"ಅಪ್ಪ, ಪ್ರಶ್ನೆ ಬೇಡ. ನಿಮ್ಮದೇನಾದ್ರೂ ಹೇಳಿ. ಒಂದು ವಾಕ್ಯ ಸಾಕು."

ಒಂದು ವಾಕ್ಯ. ಅವಳು ಕಾದಳು. ನಾನು ಗೋಡೆ ನೋಡಿದೆ.

"ಇಲ್ಲಿ ಚಳಿ ಜಾಸ್ತಿಯಾಗಿದೆ."

"ಹೂಂ. ಇಲ್ಲೂ."

ಆಮೇಲೂ ಕಾದಳು. ಆತುರವಿಲ್ಲದೆ, ಉಸಿರಿನ ಸದ್ದೂ ಕೇಳಿಸದಂತೆ. ಅಷ್ಟು ಚೆನ್ನಾಗಿ ಕಾಯುವವರು ಈ ಕಸುಬಿನಲ್ಲಿ ಕಡಿಮೆ. ಎಂಥ ಕೌನ್ಸೆಲರ್ ಆಗುತ್ತಿದ್ದಳು.

ಅದನ್ನೂ ಹೇಳಲಿಲ್ಲ.

ಜನವರಿ 5, ಭಾನುವಾರ

ಬೆಳಗ್ಗೆಯಿಂದ ತಾಲೀಮು. ಫೋನು ಬಂದ ಕೂಡಲೇ ನಾನೇ ಎತ್ತುವುದು, ಅವಳು ಏನೂ ಕೇಳುವ ಮುನ್ನ ಹೇಳುವುದು. ನಿಯಮಾವಳಿ ಇಂತಿದೆ: ವಾಕ್ಯ "ನಿನಗೆ" ಎಂದು ಶುರುವಾಗಕೂಡದು. ಹವಾಮಾನ ಬರಕೂಡದು. ಪ್ರಶ್ನೆಯಾಗಿ ಮುಗಿಯಕೂಡದು.

ಮೊದಲ ಯತ್ನ: "ಮಗಳು ದೂರ ಹೋದಾಗ ತಂದೆಗೆ ಬೇಸರವಾಗುವುದು ಸಹಜ." ಪಠ್ಯಪುಸ್ತಕ. ಹೊಡೆದು ಹಾಕಿದೆ.

ಎರಡನೆಯದು ಡ್ರಾಯಿಂಗ್ ರೂಮಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಡಾಕ್ಟರು ಅಡುಗೆಮನೆಯಿಂದ: "ಇದು ಪರವಾಗಿಲ್ಲ. ದನಿ ಒಂಚೂರು ನಡುಗಲಿ ಬಿಡಿ, ತಡೀಬೇಡಿ."

ಫೋನು ಬರಲಿಲ್ಲ. ಡಾಕ್ಟರ ಮೊಬೈಲಿಗೆ ಮೆಸೇಜು — ಹೊಸ ಬೀಜಗಳು ಬಂದಿವೆ, ಇಡೀ ದಿನ ಕೋಲ್ಡ್ ರೂಮಿನಲ್ಲಿ ಕೆಲಸ, ಮುಂದಿನ ವಾರ ಮಾತಾಡೋಣ ಅಮ್ಮ.

"ನೀವೇ ಮಾಡಿ," ಎಂದರು.

ಮಾಡಿದೆ. ಮೂರು ಸಲ. ಆ ಗೋಡೆಗಳೊಳಗೆ ಸಿಗ್ನಲ್ ಹೋಗುವುದಿಲ್ಲವಂತೆ, ಹೆಂಗಸೊಬ್ಬಳು ರೆಕಾರ್ಡಿನಲ್ಲಿ ತುಂಬಾ ಸಹಾನುಭೂತಿಯಿಂದ ತಿಳಿಸಿದಳು.

ಮುಂದಿನ ಭಾನುವಾರದೊಳಗೆ ವಾಕ್ಯ ಮತ್ತೆ ಸಪಾಟಾಗಿಬಿಡುತ್ತದೆ, ನನಗೆ ನನ್ನ ಬಗ್ಗೆ ಗೊತ್ತು. ಇಲ್ಲಿ ಬರೆದಿಡುತ್ತೇನೆ. ಹೇಳಿದ ಹಾಗೇ, ತಿದ್ದದೆ.

ಚೂಟಿ, ನೀನು ಹೋಗೋದು ನನಗೆ ಬೇಡವಾಗಿತ್ತು. ಬಸ್ಸಿನ ಕಿಟಕಿಯ ಕೆಳಗೆ ನಿಂತಿದ್ದಾಗ ನನಗೆ —